ಚರ್ಚಿನ ಹಿಂದಿನ ಕಟ್ಟೆ

ಪುಣೆಯ ಕಾತ್ರಜದ ನಮ್ಮ ಮನೆಯಲ್ಲಿ ಈಗ ಬಾಣಂತನ ನಡೆದಿದೆ. ಮೊಮ್ಮಗನ ಹೆಂಡತಿಗೆ ಗಂಡು ಮಗು. ಅವಳ ತಾಯಿ ಸಾಂಗಲಿಯಿಂದ ಬಂದು ಅಡಿಗೆಮನೆಯನ್ನು ತಮ್ಮ ವಶಕ್ಕೆ ತೆಗೆದುಕೊಂಡಿದ್ದಾರೆ. ನಾನು ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ. ಈ ವಯಸ್ಸಿನಲ್ಲಿ ನನಗೆ ಯಾರೂ ಕೆಲಸ ಹೇಳುವುದಿಲ್ಲ. ಮೊನ್ನೆ ಮಧ್ಯಾಹ್ನ ಒಲೆಯ ಕಡೆಯಿಂದ ಒಂದು ವಾಸನೆ ಬಂತು. ನೆನೆಸಿದ ಅಳವಿ ಬೀಜ ಕಾಯಿತುರಿ, ಬೆಲ್ಲದ ಜೊತೆ ಬೇಯುವಾಗಿನ ವಾಸನೆ. ಬಾಣಂತಿಗೆ ಹಾಲು ಹೆಚ್ಚಲಿ ಎಂದು ಕಟ್ಟಿ ಕೊಡುವ ಉಂಡೆ ಅದು. ಸಿಹಿಯ ಒಳಗೆ ಸಾಸಿವೆಯಂಥ ಸಣ್ಣ ಘಾಟು ಇರುತ್ತದೆ. ಆ ಘಾಟು ಮೂಗಿಗೆ ಬಂದದ್ದೇ ತಡ, ಬಾಯಿಗೆ ಒಯ್ಯುತ್ತಿದ್ದ ಚಹಾ ಹಾಗೆಯೇ ಕೈಯಲ್ಲಿ ನಿಂತುಬಿಟ್ಟಿತು. ಬೀಗಿತ್ತಿ ನೋಡಿ, ವಾಸನೆ ಸೇರುವುದಿಲ್ಲವೇನು ಎಂದು ಕೇಳಿದರು. ಸೇರುತ್ತದೆ ಎಂದೆ.

ಆ ಉಂಡೆಯನ್ನು ನಾನು ಮೊದಲ ಸಲ ತಿಂದಾಗ ನನ್ನ ಮಡಿಲಲ್ಲಿ ನನ್ನ ಕೂಸು ಇರಲಿಲ್ಲ. ಆ ದಿನಗಳು ನೆನಪಾದರೆ ಒಬ್ಬ ಹೆಂಗಸು ನೆನಪಾಗುತ್ತಾಳೆ. ಅವಳು ನಮ್ಮ ಬಂಧುವಲ್ಲ, ನಮ್ಮ ಜಾತಿಯವಳಲ್ಲ, ನಮ್ಮ ಧರ್ಮದವಳೂ ಅಲ್ಲ. ಆದರೂ ಎಲ್ಲರಂತೆ ನಾನೂ ಅವಳನ್ನು ಮೌಶಿ ಎಂದೇ ಕರೆಯುತ್ತಿದ್ದೆ. ಮೌಶಿ ಎಂದರೆ ಮರಾಠಿಯಲ್ಲಿ ತಾಯಿಯ ಅಕ್ಕ ಅಥವಾ ತಂಗಿ.

ನಾನು ಗದಗಿನವಳು. ಮದುವೆಯಾಗಿ ಪುಣೆಗೆ ಬಂದಾಗ ಎರಡನೆಯ ಮಹಾಯುದ್ಧಕ್ಕೆ ಇನ್ನೂ ಕೆಲವು ವರ್ಷಗಳಿದ್ದವು. ನಮ್ಮವರು ಭವಾನಿ ಪೇಠದಲ್ಲಿ ಬೆಲ್ಲದ ದಲ್ಲಾಳಿ ವ್ಯಾಪಾರದ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಅಂಗಡಿಯ ಸಾವಕಾರರು ನಮ್ಮ ಕಡೆಯವರು, ನಮ್ಮ ಹಾಗೆ ಲಿಂಗವಂತರು. ನಾವಿದ್ದದ್ದು ನಾನಾ ಪೇಠದ ಹಳೆಯ ವಾಡೆಯಲ್ಲಿ. ನಡುವೆ ಅಂಗಳ, ಅಂಗಳದಲ್ಲಿ ನಳ, ಸುತ್ತ ಸಾಲಾಗಿ ಬಿಡಾರಗಳು. ನಮ್ಮದು ಹಿಂದಿನ ಎರಡು ಕೋಣೆ. ನನಗೆ ಮರಾಠಿ ಬರುತ್ತಿರಲಿಲ್ಲ. ನಳದ ಹತ್ತಿರ ಹೆಂಗಸರು ನಗುತ್ತಿದ್ದರೆ ನನ್ನನ್ನು ನೋಡಿಯೇ ನಗುತ್ತಿದ್ದಾರೆ ಅನ್ನಿಸುತ್ತಿತ್ತು. ನಮ್ಮವರು ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಆ ನಡುವಿನ ಹೊತ್ತನ್ನು ನಾನು ಹಿಂದಿನ ಕಿಟಕಿಯಲ್ಲಿ ಕಳೆಯುತ್ತಿದ್ದೆ.

ಕಿಟಕಿಯ ಆಚೆ ಒಂದು ಮೋಟು ಗೋಡೆ, ಗೋಡೆಯ ಆಚೆ ಸಣ್ಣದೊಂದು ಚರ್ಚು. ಹೆಂಚಿನ ಮಾಡು, ಕೈಯಿಂದ ಎಳೆಯುವ ಗಂಟೆ, ಪಕ್ಕದಲ್ಲಿ ಬೇವಿನ ಮರ. ನನಗೆ ಕಾಣುತ್ತಿದ್ದದ್ದು ಅದರ ಹಿಂಭಾಗ. ಅಲ್ಲಿ ಉದ್ದನೆಯ ಕಲ್ಲಿನ ಕಟ್ಟೆ, ಕಟ್ಟೆಗೆ ಅಂಟಿಕೊಂಡು ಒಂದು ಕೋಣೆ. ಆ ಕೋಣೆಯಲ್ಲಿ ಮೌಶಿ ಇರುತ್ತಿದ್ದಳು. ಅವಳ ಗಂಡ ಹಿಂದೆ ಅದೇ ಚರ್ಚಿನಲ್ಲಿ ಉಪದೇಶಿಯಾಗಿದ್ದವನು, ತೀರಿಕೊಂಡು ಬಹಳ ವರ್ಷವಾಗಿತ್ತು. ಚರ್ಚನ್ನು ಗುಡಿಸುವುದು, ದೀಪದ ಬುಡ್ಡಿ ಒರೆಸುವುದು, ಗಂಟೆ ಬಾರಿಸುವುದು ಅವಳ ಕೆಲಸ. ಎತ್ತರದ ಹೆಂಗಸು, ಸ್ವಲ್ಪ ಬಾಗಿದ ಬೆನ್ನು, ನೀಲಿ ಅಂಚಿನ ಬಿಳಿ ಸೀರೆ.

ನನಗೆ ವಿಚಿತ್ರ ಅನ್ನಿಸುತ್ತಿದ್ದದ್ದು ಆ ಕಟ್ಟೆಯ ಮೇಲೆ ಕೂರುತ್ತಿದ್ದ ಮಂದಿ. ರವಿವಾರ ಚರ್ಚಿನ ಒಳಗೆ ಹೋಗುವವರು ಬೇರೆ, ಮಿಕ್ಕ ದಿನ ಕಟ್ಟೆಗೆ ಬರುವವರು ಬೇರೆ. ಕುಂಕುಮದ ಹೆಂಗಸರು, ದಾಡಿಯ ಮುದುಕರು, ಕೂಸನ್ನು ಜೋಳಿಗೆಯಲ್ಲಿ ಕಟ್ಟಿಕೊಂಡ ಕಲ್ಲು ಒಡೆಯುವವರು. ಬಂದು ಕೂರುತ್ತಿದ್ದರು. ಮೌಶಿ ಬುಡ್ಡಿ ಒರೆಸುತ್ತಲೇ ಅವರ ಮಾತು ಕೇಳುತ್ತಿದ್ದಳು. ಅವರನ್ನು ಒಬ್ಬೊಬ್ಬರಾಗಿ ಕಿರಿಸ್ತಾನರನ್ನಾಗಿ ಮಾಡುತ್ತಿದ್ದಾಳೆ ಎಂದೇ ನಾನು ತಿಳಿದಿದ್ದೆ. ವಾಡೆಯ ಎಲ್ಲರೂ ಹಾಗೆಯೇ ತಿಳಿದಿದ್ದರು.

ಒಂದು ದಿನ ನಾನು ಗೋಡೆಯ ಮೇಲೆ ಸಂಡಿಗೆ ಒಣಗಲು ಇಟ್ಟಿದ್ದೆ. ಕಾಗೆ ಬಂದು ಕಚ್ಚಿಕೊಂಡು ಹೋಯಿತು. ಯಾರೂ ಕೇಳುವವರಿಲ್ಲ ಎಂದು ನಮ್ಮೂರಿನ ಭಾಷೆಯಲ್ಲಿ ಬಾಯಿ ತುಂಬ ಬೈದೆ. ಗೋಡೆಯ ಆಚೆಯಿಂದ ನಗು ಕೇಳಿತು.

"ಕನ್ನಡದಾಗ ಕಾಗಿಗೆ ಬೈಯೂದು ಕೇಳಿ ಭಾಳ ವರ್ಷ ಆತು ನೋಡವ್ವ," ಎಂದಳು ಮೌಶಿ.

ಅವಳು ಸೋಲಾಪುರದವಳಂತೆ. ಓಣಿಯ ಅರ್ಧ ಮಂದಿ ಮರಾಠಿ, ಅರ್ಧ ಮಂದಿ ಕನ್ನಡ. ಚಿಕ್ಕಂದಿನಿಂದ ಎರಡೂ ಬಾಯಲ್ಲಿ ಬಂದಿದ್ದವು. ಅವತ್ತು ನಾನು ಗೋಡೆ ಹಿಡಿದುಕೊಂಡು ಎಷ್ಟು ಹೊತ್ತು ಮಾತಾಡಿದೆನೋ ನೆನಪಿಲ್ಲ. ಊರಿನ ನೀರಿನ ರುಚಿಯಿಂದ ಹಿಡಿದು ನಮ್ಮ ಅತ್ತೆಯ ಸಿಟ್ಟಿನವರೆಗೆ ಎಲ್ಲವನ್ನೂ ಹೇಳಿದೆನೆಂದು ಕಾಣುತ್ತದೆ. ಆಮೇಲೆ ದಿನವೂ ಆ ಹೊತ್ತಿಗೆ ನಾನು ಗೋಡೆಯ ಹತ್ತಿರ ಇರುತ್ತಿದ್ದೆ.

ಹಾಗೆ ನೋಡುತ್ತ ನೋಡುತ್ತ ಕಟ್ಟೆಯ ಗುಟ್ಟು ನನಗೆ ಗೊತ್ತಾಯಿತು. ಕೊಡುವುದಕ್ಕೆ ಮೌಶಿಯ ಕೈಯಲ್ಲಿ ಏನೂ ಇರಲಿಲ್ಲ. ಆ ಚರ್ಚು ಕೂಡ ಬಡವರದೇ. ಆದರೆ ಪುಣೆಯ ಆ ಭಾಗದಲ್ಲಿ ಯಾರ ಹತ್ತಿರ ಏನಿದೆ, ಯಾರು ಕೇಳಿದರೆ ಇಲ್ಲ ಅನ್ನುವುದಿಲ್ಲ ಎಂಬುದು ಅವಳಿಗೆ ತಿಳಿದಿತ್ತು. ಕಣ್ಣಿಗೆ ಪೊರೆ ಬಂದ ಕುಂಬಾರ ಮುದುಕನನ್ನು ದಂಡು ಇದ್ದ ಕ್ಯಾಂಪಿನ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯುವಳು. ದೂರದ ಹಳ್ಳಿಯಿಂದ ರೋಗಿಯನ್ನು ಕರೆತಂದವರಿಗೆ ಗುಜರಾತಿ ವ್ಯಾಪಾರಿಯ ಧರ್ಮಶಾಲೆಯಲ್ಲಿ ಜಾಗ ಕೊಡಿಸುವಳು. ಗಂಡ ಸತ್ತ ಹೆಂಗಸಿಗೆ ಸೂಜಿ ಹಿಡಿಯಲು ಬರುತ್ತದೆ ಎಂದು ಗೊತ್ತಾದರೆ ಪಾರ್ಸಿ ಬಾಯಿಯೊಬ್ಬರ ಹೊಲಿಗೆ ಕೋಣೆಗೆ ಸೇರಿಸುವಳು. ಜಾಗ ತೋರಿಸಿ ಕಳಿಸಿಬಿಡುತ್ತಿರಲಿಲ್ಲ. ಮೊದಲ ಸಲ ತಾನೇ ಜೊತೆಗೆ ಹೋಗುತ್ತಿದ್ದಳು. ಬಡವರಿಗೆ ದಾರಿ ಗೊತ್ತಿದ್ದರೂ ಬಾಗಿಲು ಬಡಿಯುವ ಧೈರ್ಯ ಇರುವುದಿಲ್ಲ ಎಂದು ಅವಳ ಅಭಿಪ್ರಾಯ. ಕಪ್ಪು ಛತ್ರಿ ಹಿಡಿದು ಮುಂದೆ ಅವಳು, ಹಿಂದೆ ಸೆರಗು ಕಚ್ಚಿಕೊಂಡ ಯಾರೋ ಒಬ್ಬಳು... ಆ ನೋಟ ಈಗಲೂ ಕಣ್ಣಿಗೆ ಕಟ್ಟಿದೆ.

ಕೇಳಲು ಬಂದವರನ್ನೂ ಅವಳು ಸುಮ್ಮನೆ ಬಿಡುತ್ತಿರಲಿಲ್ಲ. ನಿನಗೇನು ಮಾಡಲು ಬರುತ್ತದೆ, ನಿನ್ನ ಮನೆಯಲ್ಲಿ ಯಾರಿದ್ದಾರೆ, ಎಂದು ಕೇಳುತ್ತಿದ್ದಳು. ಆ ಕುಂಬಾರ ಮುದುಕ ಕಣ್ಣು ಬಂದ ಮೇಲೆ ಬಡವರ ವಸ್ತಿಯ ಮನೆಗಳಿಗೆ ಒಲೆ ಹಾಕಿಕೊಟ್ಟ. ಏನೂ ಇಲ್ಲದವರು ಎಂದು ಅವಳು ಯಾರನ್ನೂ ಎಣಿಸಿದ್ದು ನನಗೆ ನೆನಪಿಲ್ಲ.

ನಾನು ಬಸುರಿಯಾದೆ. ತವರಿನಲ್ಲಿ ಅವ್ವ ಇರಲಿಲ್ಲ. ಆದ್ದರಿಂದ ಹೆರಿಗೆಗೆ ಅತ್ತೆಯವರೇ ಗದಗಿನಿಂದ ಬಂದರು. ಗಟ್ಟಿ ಹೆಂಗಸು. ಬಂದ ದಿನವೇ ಹಿಂದಿನ ಕಿಟಕಿ ಮುಚ್ಚಿಸಿದರು. ಚರ್ಚಿನವರ ಜೊತೆ ಮಾತು ಬೇಡ ಎಂದರು. ನಾನು ಎದುರಾಡಲಿಲ್ಲ.

ಹೆರಿಗೆ ಸುಸೂತ್ರ ಆಯಿತು. ಗಂಡು ಕೂಸು. ಆದರೆ ಹೆಸರಿಡುವ ದಿನ ಬರುವ ಮೊದಲೇ ಅದಕ್ಕೆ ಜ್ವರ ಬಂತು. ಡಾಕ್ಟರು ಬಂದರು, ಔಷಧ ಕೊಟ್ಟರು. ಒಂದು ಬೆಳಿಗ್ಗೆ ನನ್ನ ಮಗ್ಗುಲಲ್ಲಿ ಮಲಗಿದ್ದ ಕೂಸು ಎದೆಗೆ ಬಾಯಿ ಹಾಕಲಿಲ್ಲ... ಅದಕ್ಕಿಂತ ಹೆಚ್ಚು ನಾನು ಯಾರಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಸಾವಕಾರರೂ ಅಂಗಡಿಯ ಇಬ್ಬರು ಹಮಾಲರೂ ನಮ್ಮವರ ಜೊತೆ ಹೋಗಿ ಮಣ್ಣು ಮಾಡಿ ಬಂದರು.

ಕೂಸು ಹೋದ ಸುದ್ದಿ ಮೈಗೆ ಗೊತ್ತಾಗುವುದಿಲ್ಲ. ನನ್ನ ಎದೆ ಕಲ್ಲಿನ ಹಾಗೆ ಬಿಗಿದು ಉರಿಯತೊಡಗಿತು. ಹಾಲು ಇಂಗಲಿ ಎಂದು ಅತ್ತೆ ಮಲ್ಲಿಗೆ ಹೂವನ್ನು ಬಟ್ಟೆಯಲ್ಲಿಟ್ಟು ಎದೆಗೆ ಕಟ್ಟುತ್ತಿದ್ದರು. ನಮ್ಮವರು ಅಂಗಡಿಗೆ ಹೋಗುವ ಮೊದಲು ಮಂಡಿಗೆ ಹೋಗಿ ಹೂವು ತರುತ್ತಿದ್ದರು. ತಂದು ಬಾಗಿಲ ಹತ್ತಿರ ಇಟ್ಟು, ಒಳಗೆ ನೋಡದೆ ಹೋಗುತ್ತಿದ್ದರು. ಅವರಿಗೂ ಅಳುವುದಕ್ಕೆ ಎಲ್ಲಿ ಜಾಗವಿತ್ತು? ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟೆ. ಊಟ ಮಾಡು ಎಂದರೆ ಮಾಡುತ್ತಿದ್ದೆ, ಏಳು ಎಂದರೆ ಏಳುತ್ತಿದ್ದೆ. ಮಾತು ಮಾತ್ರ ನಿಂತಿತ್ತು.

ಅಂಥ ಒಂದು ದಿನ ಮೌಶಿ ವಾಡೆಯ ಒಳಗೆ ಬಂದಳು. ಅಷ್ಟು ವರ್ಷ ಗೋಡೆಯ ಆಚೆಯೇ ಇದ್ದವಳು ಮೊದಲ ಸಲ ನಮ್ಮ ಅಂಗಳ ದಾಟಿ ಬಂದಿದ್ದಳು. ನಳದ ಹತ್ತಿರ ಮಾತು ನಿಂತದ್ದು ನನಗೆ ಒಳಗೇ ಕೇಳಿತು. ಹೊಸ್ತಿಲ ಹೊರಗೇ ನಿಂತುಕೊಂಡಳು. ಪ್ರಾರ್ಥನೆ ಗೀರ್ಥನೆ ಮಾಡಲು ಬಂದಿದ್ದಾಳೆ ಎಂದುಕೊಂಡು ಅತ್ತೆ, ಅಂಥದ್ದೇನೂ ಬೇಡ ಎಂದು ಮೊದಲೇ ಹೇಳಿಬಿಟ್ಟರು.

"ಸಮಾಧಾನ ಹೇಳಾಕ ಬಂದಿಲ್ರಿ. ಒಂದು ಬೇಡಾಕ ಬಂದೀನಿ," ಎಂದಳು ಮೌಶಿ. "ಆ ಕಡೆ ವಸ್ತಿಯೊಳಗ ಒಂದು ಹೆಣ್ಣುಕೂಸು ಅದ. ಹಡದಾಕಿ ತೀರಿಕೊಂಡ್ಳು. ಆಡಿನ ಹಾಲು ಹಾಕಿದ್ರ ದಕ್ಕವಲ್ದು. ಎದಿಹಾಲು ಸಿಕ್ಕರ ಉಳೀತದ ಅಂತಾರ ದವಾಖಾನಿ ಡಾಕ್ಟರಬಾಯಿ. ಅದಕ್ಕ ಬಂದೆ."

ಯಾರ ಕೂಸು ಎಂದು ಅತ್ತೆ ಕೇಳಿದರು. ಮೌಶಿ ಮುಚ್ಚಿಡಲಿಲ್ಲ. ಮುನಸಿಪಾಲಿಟಿಯಲ್ಲಿ ಬೀದಿ ಗುಡಿಸುವವನ ಮಗಳು ಎಂದಳು. ನಮ್ಮ ವಾಡೆಯವರು ಯಾರ ನೆರಳು ಕಂಡರೆ ಪಕ್ಕಕ್ಕೆ ಸರಿಯುತ್ತಿದ್ದರೋ ಆ ಮಂದಿ.

ಅತ್ತೆಗೆ ಸಿಟ್ಟು ಬಂದದ್ದು ಜಾತಿಗಿಂತ ಬೇರೆ ಕಾರಣಕ್ಕೆ ಎಂದು ನನಗೆ ಈಗ ಅನ್ನಿಸುತ್ತದೆ. "ನಮ್ಮ ಕೂಸನ್ನ ಮಣ್ಣಾಗ ಇಟ್ಟು ಬಂದು ಇನ್ನಾ ಕಣ್ಣೀರು ಆರಿಲ್ಲ. ಮಂದಿ ಕೂಸಿಗೆ ಹಾಲು ಕೇಳಾಕ ಮನಸ್ಸರ ಹೆಂಗ ಬಂತ್ರಿ ನಿಮಗ?"

"ಬರಲಿಲ್ರಿ," ಎಂದಳು ಮೌಶಿ. "ನಿನ್ನಿ ನಿಮ್ಮ ಬಾಗಲಾ ತನಕಾ ಬಂದು ಹೊಳ್ಳಿ ಹೋದೆ. ಆದ್ರ ಆ ಕೂಸು ಇನ್ನ ಭಾಳ ತಡಿಯೂದಿಲ್ಲ. ಒಲ್ಲೆ ಅಂದ್ರ ನಾ ಏನೂ ಅನ್ನಂಗಿಲ್ಲ. ಕೇಳಲಾರದ ಇರೂದು ನನ್ನ ಕಡಿಂದ ಆಗಲಿಲ್ಲ."

ಅತ್ತೆ ಆಗುವುದಿಲ್ಲ ಎಂದರು. ಮೌಶಿ ನನ್ನ ಕಡೆ ಒಮ್ಮೆ ನೋಡಿ, ಕೈ ಮುಗಿದು ಹೋದಳು. ಮತ್ತೊಮ್ಮೆ ಕೇಳಲೂ ಇಲ್ಲ, ದೇವರ ಹೆಸರು ಹೇಳಲೂ ಇಲ್ಲ.

ಕೆಲವು ದಿನಗಳಿಂದ ಮಧ್ಯಾಹ್ನದ ಸೆಖೆಗೆ ಅತ್ತೆಯೇ ಹಿಂದಿನ ಕಿಟಕಿ ತೆರೆಯುತ್ತಿದ್ದರು, ಅವತ್ತೂ ತೆರೆದಿದ್ದರು. ಕಟ್ಟೆಯ ಕಡೆಯಿಂದ ಒಂದು ಸದ್ದು ಬಂತು. ಅಳು ಎನ್ನಲೂ ಆಗದು. ಬೆಕ್ಕಿನ ಮರಿ ದೂರದಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡ ಹಾಗೆ, ಬಿಟ್ಟು ಬಿಟ್ಟು ಬರುತ್ತಿದ್ದ ಸದ್ದು. ಕೂಸಿನ ಅಜ್ಜಿ ಅದನ್ನು ಎತ್ತಿಕೊಂಡು ಚರ್ಚಿಗೆ ಬಂದು ಕೂತಿದ್ದಳು. ಆ ಸದ್ದು ಕೇಳಿದ್ದೇ ನನ್ನ ಎದೆಯಿಂದ ಹಾಲು ಒಸರಿತು. ಕಟ್ಟಿದ್ದ ಮಲ್ಲಿಗೆ, ಕುಪ್ಪಸ, ಸೆರಗು ಎಲ್ಲ ತೊಯ್ದವು. ನನ್ನನ್ನು ಯಾರೂ ಕೇಳಿರಲಿಲ್ಲ. ನಾನೂ ನಿರ್ಧಾರ ಮಾಡಿದ್ದು ನೆನಪಿಲ್ಲ. ಎದ್ದೆ, ಬಟ್ಟೆ ಬಿಚ್ಚಿ ಹೂವನ್ನು ಕೆಳಗೆ ಹಾಕಿದೆ, ಸೆರಗು ಹೊದ್ದು ಬಾಗಿಲಿಗೆ ನಡೆದೆ. ಎಲ್ಲಿಗೆ ಎಂದು ಅತ್ತೆ ಕೇಳಿದರು. ನಾನು ಹೊಸ್ತಿಲು ದಾಟಿದೆ. ಅವರು ನನ್ನ ಕೈ ಹಿಡಿದು ನಿಲ್ಲಿಸಲಿಲ್ಲ.

ಮೌಶಿ ತನ್ನ ಕೋಣೆಯಲ್ಲಿ ಚಾಪೆ ಹಾಸಿದಳು. ಅಜ್ಜಿ ಕೂಸನ್ನು ನನ್ನ ಕೈಗೆ ಕೊಡಲಾರದೆ, ಮುಟ್ಟಬಾರದು ಎಂಬ ಅಂಜಿಕೆಯಲ್ಲಿ, ಚಾಪೆಯ ಮೇಲೆ ಇಟ್ಟು ಹಿಂದೆ ಸರಿದು ಕೂತಳು. ಒಣಗಿದ ಹೀರೇಕಾಯಿಯಂಥ ಕೂಸು. ತಲೆ ಮಾತ್ರ ದೊಡ್ಡದು. ಎತ್ತಿಕೊಂಡಾಗ ಏನೂ ಎತ್ತಿಕೊಂಡ ಹಾಗೆ ಅನ್ನಿಸಲಿಲ್ಲ. ಮೊದಲು ಅದಕ್ಕೆ ಚೀಪುವ ಶಕ್ತಿಯೂ ಇರಲಿಲ್ಲ. ಮೌಶಿ ಹೇಳಿಕೊಟ್ಟ ಹಾಗೆ ನಾನು ಹಾಲು ಹಿಂಡಿ ಅದರ ತುಟಿಗೆ ಹನಿಸಿದೆ. ಸ್ವಲ್ಪ ಹೊತ್ತಾದ ಮೇಲೆ ಅದು ಬಾಯಿ ತೆರೆಯಿತು. ಆಮೇಲೆ ಹಿಡಿದುಕೊಂಡಿತು. ಎಳೆದಾಗ ನೋವಿಗೆ ನನ್ನ ಕಣ್ಣು ಕತ್ತಲೆಗಟ್ಟಿತು. ಕೂಸು ಸತ್ತ ಮೇಲೆ ನಾನು ಜೋರಾಗಿ ಅತ್ತದ್ದು ಅದೇ ಮೊದಲು. ಮೌಶಿ ಬಾಗಿಲಿಗೆ ಬೆನ್ನು ಕೊಟ್ಟು, ಯಾರೂ ಒಳಗೆ ಬಾರದ ಹಾಗೆ ನಿಂತಿದ್ದಳು. ನನ್ನ ಕಡೆ ತಿರುಗಿ ನೋಡಲಿಲ್ಲ.

ಸಂಜೆ ನಮ್ಮವರು ಬರುವ ಹೊತ್ತಿಗೆ ವಾಡೆಯ ಬಾಗಿಲಲ್ಲೇ ಅವರಿಗೆ ಸುದ್ದಿ ಮುಟ್ಟಿತ್ತು. ಒಳಗೆ ಬಂದರು, ಕೈಕಾಲು ತೊಳೆದರು, ಕೂತರು. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಅವರು, "ಕೂಸು ಕುಡೀತೇನು?" ಎಂದು ಕೇಳಿದರು. ಕುಡಿಯಿತು ಎಂದೆ. ಅಷ್ಟೇ. ಮರುದಿನದಿಂದ ಮಲ್ಲಿಗೆ ತರುವುದನ್ನು ಬಿಟ್ಟರು.

ಅತ್ತೆ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ನಾನು ಹೋಗುವುದನ್ನೂ ಬರುವುದನ್ನೂ ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ಆಮೇಲೆ ಒಂದು ಬೆಳಿಗ್ಗೆ ಅಡಿಗೆಮನೆಯಿಂದ ಬೆಲ್ಲ, ಅಳವಿಯ ವಾಸನೆ ಬಂತು. ಉಂಡೆ ಕಟ್ಟಿ ತಟ್ಟೆಯಲ್ಲಿಟ್ಟು ನನ್ನ ಮುಂದೆ ಕುಕ್ಕಿದರು. "ಕುಡಿಸಾಕಿ ಹೊಟ್ಟಿಗೆ ತಿನ್ನಲಾರದ ಹೆಂಗ ಕುಡಸ್ತಿ?" ಎಂದರು. ಅವರ ಮುಖ ಮಾತ್ರ ಗಂಟಾಗಿಯೇ ಇತ್ತು. ನಾನು ತಿಂದೆ. ಕಣ್ಣೀರಿನ ಜೊತೆ ನುಂಗಿದ ಆ ಉಂಡೆಯ ಘಾಟೇ ಮೊನ್ನೆ ಕಾತ್ರಜದ ಮನೆಯಲ್ಲಿ ನನಗೆ ಬಡಿದದ್ದು.

ವಾಡೆಯಲ್ಲಿ ಉಳಿಯುವುದು ಆಗಲಿಲ್ಲ. ಮೊದಲು ನಳದ ಹತ್ತಿರ ನಮ್ಮ ಕೊಡ ಹಿಂದಕ್ಕೆ ಸರಿಯಿತು. ಆಮೇಲೆ ವಾಡೆಯ ಮಾಲೀಕರು ನಮ್ಮವರನ್ನು ಕರೆದು, ಬೇರೆ ಕಡೆ ನೋಡಿಕೊಳ್ಳಿ ಎಂದರು. ನಮ್ಮವರು ಮೆತ್ತಗಿನ ಮನುಷ್ಯ. ಅವರು ಯಾರಿಗೂ ಎದುರಾಡಿದ್ದನ್ನು ನಾನು ಕಂಡವಳಲ್ಲ. ಮಾಲೀಕರಿಗೂ ಏನೂ ಅನ್ನದೆ ಬಂದರು. ಆದರೆ ಕೂಸಿಗೆ ಕುಡಿಸುವುದನ್ನು ನಿಲ್ಲಿಸು ಎಂದು ನನಗೂ ಹೇಳಲಿಲ್ಲ. ಊರಿಗೆ ಹೋಗೋಣ, ಗದಗಿನಲ್ಲೇ ಏನಾದರೂ ಕೆಲಸ ನೋಡೋಣ ಎಂದು ಯೋಚಿಸತೊಡಗಿದರು. ಹಾಗಾದರೆ ಆ ಕೂಸಿನ ಗತಿ ಏನು ಎಂಬುದು ನಮ್ಮ ಮೂವರ ಮನಸ್ಸಿನಲ್ಲೂ ಇತ್ತು.

ಮೌಶಿ ಛತ್ರಿ ತೆಗೆದುಕೊಂಡು ಹೊರಟಳು. ಈ ಸಲ ಅವಳ ಹಿಂದೆ ಸೆರಗು ಕಚ್ಚಿಕೊಂಡು ಹೋದವಳು ನಾನು. ರಾಸ್ತಾ ಪೇಠದಲ್ಲಿ ಒಬ್ಬ ಯಹೂದಿ ಟೀಚರು ಇದ್ದರು. ವಯಸ್ಸಾದ ಹೆಂಗಸು, ಶಾಲೆಯ ಕೆಲಸ ಬಿಟ್ಟಿದ್ದರು. ಕಾಲು ನೋವು, ಮನೆಯಲ್ಲಿ ಒಬ್ಬರೇ. ಜೊತೆಗೆ ಯಾರಾದರೂ ಇದ್ದರೆ ಸಾಕು ಎಂದು ಮೌಶಿಯ ಹತ್ತಿರ ಯಾವಾಗಲೋ ಹೇಳಿದ್ದರಂತೆ. ಮೌಶಿ ನಮ್ಮ ವಿಷಯ ಒಂದನ್ನೂ ಬಿಡದೆ ಅವರಿಗೆ ಹೇಳಿದಳು, ಅವರ ಸಿಡುಕು ಸ್ವಭಾವವನ್ನು ಅವರ ಎದುರಿಗೇ ನನಗೆ ಹೇಳಿದಳು. ಟೀಚರು ನಕ್ಕುಬಿಟ್ಟರು. ಮುಂದಿನ ಎರಡು ಕೋಣೆ ನಮಗೆ ಸಿಕ್ಕಿತು. ಮರಾಠಿ ಓದು ಬರಹ ನಾನು ಕಲಿತದ್ದು ಆ ಟೀಚರ ಕೈಯಲ್ಲಿ.

ಕೂಸಿನ ಅಜ್ಜಿ ಬೆಳಿಗ್ಗೆ, ಸಂಜೆ ಅದನ್ನು ಅಲ್ಲಿಗೇ ಎತ್ತಿಕೊಂಡು ಬರುತ್ತಿದ್ದಳು. ನಡುವೆ ಡಾಕ್ಟರಬಾಯಿ ಹೇಳಿದ ಹಾಗೆ ಆಡಿನ ಹಾಲಿಗೆ ಕಾಯಿಸಿದ ನೀರು ಸೇರಿಸಿ ಹಾಕುತ್ತಿದ್ದರು. ಕೂಸು ತುಂಬಿಕೊಂಡಿತು. ಅದರ ಕೈಗಳಿಗೆ ಮಡಿಕೆ ಬಿತ್ತು, ನನ್ನ ಕೊರಳಿನ ಲಿಂಗದ ಕರಡಿಗೆಯನ್ನು ಹಿಡಿದು ಎಳೆಯುವುದನ್ನು ಕಲಿಯಿತು. ಅತ್ತೆ ಗದಗಿಗೆ ಹೋಗುವ ಮಾತನ್ನು ಮುಂದೆ ಮುಂದೆ ಹಾಕಿದರು. ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆಯುವವರು ಅವರೇ. ಆದರೆ ಕೊನೆಯವರೆಗೂ ಆ ಅಜ್ಜಿಗೆ ಅವರು ಚಹಾ ಕೊಟ್ಟದ್ದು ಬೇರೆ ಇಟ್ಟಿದ್ದ ಬಸಿಯಲ್ಲಿಯೇ. ಅವಳು ಕೂರುತ್ತಿದ್ದದ್ದೂ ಹೊಸ್ತಿಲ ಹೊರಗೇ. ಆ ಅಕ್ಕರೆ, ಈ ಮಡಿ ಎರಡೂ ಒಂದೇ ಜೀವದಲ್ಲಿ ಇದ್ದವು. ಅದನ್ನು ನಾನು ಸರಿಪಡಿಸಿ ಹೇಳಲಾರೆ.

ಕೂಸು ಅಂಬಲಿ ಕುಡಿಯುವಂತಾದ ಮೇಲೆ ಬರುವುದು ಕಡಿಮೆಯಾಯಿತು. ಮುಂದೆ ಅದರ ತಂದೆ ಇನ್ನೊಂದು ಮದುವೆ ಮಾಡಿಕೊಂಡು, ರೈಲ್ವೆಯ ಕೆಲಸ ಸಿಕ್ಕಿತೆಂದು ದೌಂಡಿಗೆ ಹೋದ. ಹೋಗುವ ಮೊದಲು ಅಜ್ಜಿ ಹುಡುಗಿಯನ್ನು ನಡೆಸಿಕೊಂಡು ಬಂದು ತೋರಿಸಿದಳು. ನಾನು ಕೈ ಚಾಚಿದರೆ ಅದು ಅಜ್ಜಿಯ ಸೀರೆಯೊಳಗೆ ಮುಖ ಮುಚ್ಚಿಕೊಂಡಿತು. ನನ್ನ ಗುರುತು ಅದಕ್ಕೆ ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ... ಆಗ ನನ್ನ ದೊಡ್ಡ ಮಗ ಹೊಟ್ಟೆಯಲ್ಲಿದ್ದ.

ಒಂದು ದಿನ ಮೌಶಿಯ ಕೋಣೆಯಲ್ಲಿ ಕೂತು ಅವಳ ಜೊತೆ ಬುಡ್ಡಿ ಒರೆಸುತ್ತಿದ್ದಾಗ, ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿದೆ. ಅವತ್ತು ನೀವು ಬಂದದ್ದು ಆ ಕೂಸಿನ ಸಲುವಾಗಿಯೋ ನನ್ನ ಸಲುವಾಗಿಯೋ ಎಂದೆ.

ಅವಳು ಬುಡ್ಡಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಕೂಸಿನ ಸಲುವಾಗಿ ನಾಕು ಮನಿ ಕೇಳಬಹುದಿತ್ತವ್ವ. ಮೊದಲ ನಿಮ್ಮ ಮನಿಗೇ ಬಂದೆ," ಎಂದಳು. ಬುಡ್ಡಿಯನ್ನು ಕೆಳಗಿಟ್ಟು, "ನಿಮ್ಮ ಅತ್ತಿ ಕಿಟಕಿ ತಗದಾಗ ನೀ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ದು ಇಲ್ಲಿಂದ ಕಾಣತಿತ್ತು. ನನಗೂ ಒಂದು ಸಲ ಹಂಗ ಮಲಗಿ ಗೊತ್ತದ," ಎಂದಳು.

ಅವಳಿಗೂ ಮಕ್ಕಳಾಗಿದ್ದವೇ, ಹೋದವೇ, ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅವಳೂ ಹೇಳಲಿಲ್ಲ.

ಚರ್ಚಿನಲ್ಲಿ ಅವಳ ದಾರಿ ಸುಲಭವಾಗಿರಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ನನ್ನ ಸುದ್ದಿ ಪೇಠದಲ್ಲೆಲ್ಲ ಹರಡಿದಾಗ ಹಿರಿಯರ ಸಭೆಗೆ ಅವಳನ್ನು ಕರೆಸಿದ್ದರಂತೆ. ಇಷ್ಟು ವರ್ಷ ಇಷ್ಟು ಮಂದಿ ಕಟ್ಟೆಗೆ ಬಂದರು, ಅವರಲ್ಲಿ ಒಳಗೆ ಬಂದವರು ಯಾರು ಎಂದು ಒಬ್ಬರು ಕೇಳಿದರಂತೆ. ನಮ್ಮವರಿಗೇ ಆಗುವಷ್ಟು ಇಲ್ಲದಿರುವಾಗ ಊರವರ ಉಸಾಬರಿ ಯಾಕೆ ಎಂದು ಇನ್ನೊಬ್ಬರು. ಆ ಕೋಣೆ, ಆ ಕೆಲಸ ಎರಡೂ ಹೋಗುವ ಹಾಗಿತ್ತು. ಬಂದವರು ಕೂರುವುದಕ್ಕೆ ಜಾಗ ಕೇಳಿದರು, ಕೊಟ್ಟೆ, ಒಳಗೆ ಕರೆಯುವುದು ನನ್ನ ಕೆಲಸವಲ್ಲ, ಮೇಲಿರುವ ಆತನದು ಎಂದಳಂತೆ ಮೌಶಿ. ವಯಸ್ಸಾದ ಪಾದ್ರಿಗಳು, ಕಟ್ಟೆ ಇದ್ದ ಹಾಗೆಯೇ ಇರಲಿ ಎಂದರಂತೆ. ಅಷ್ಟಕ್ಕೆ ಅದು ಉಳಿಯಿತು. ಇದನ್ನೆಲ್ಲ ಅವಳು ನನಗೆ ಹೇಳಿದ್ದು ಯಾರದೋ ಕಥೆ ಹೇಳುವ ಹಾಗೆ, ನಗುತ್ತ.

ಯುದ್ಧದ ವರ್ಷಗಳಲ್ಲಿ ರೇಷನ್ನು ಬಂತು, ಸೀಮೆಎಣ್ಣೆಗೂ ಸಾಲು ನಿಂತವು. ಕಟ್ಟೆಗೆ ಬರುವವರು ಹೆಚ್ಚಿದರು, ಮೌಶಿಯ ಬೆನ್ನು ಇನ್ನಷ್ಟು ಬಾಗಿತು. ನಾನೂ ಈಗ ಅವಳ ಲೆಕ್ಕದಲ್ಲಿ ಒಬ್ಬಳಾಗಿದ್ದೆ. ಕನ್ನಡ ಮಾತ್ರ ಬರುವ ಹೆಂಗಸು ಯಾರಾದರೂ ದಿಕ್ಕುಗೆಟ್ಟು ಬಂದರೆ ನನಗೆ ಹೇಳಿಕಳಿಸುತ್ತಿದ್ದಳು. ಹಸಿ ಬಾಣಂತಿಯರ ಜೊತೆ, ಕೂಲಿಗೆ ಬಂದ ಬಿಜಾಪುರದ ಕಡೆಯವರ ಜೊತೆ ನಾನು ದವಾಖಾನೆಗೆ ಹೋಗಿ ನಿಂತು ಅವರ ಮಾತನ್ನು ಮರಾಠಿಯಲ್ಲಿ ಹೇಳುತ್ತಿದ್ದೆ. ನಳದ ಹತ್ತಿರ ಬಾಯಿ ಬಿಡಲು ಹೆದರುತ್ತಿದ್ದವಳು ನಾನು.

ಸ್ವಾತಂತ್ರ್ಯ ಬರುವ ಮೊದಲಿನ ಬೇಸಿಗೆಯಲ್ಲಿ ಅತ್ತೆಗೆ ಮೈಯಲ್ಲಿ ಆರಾಮಿಲ್ಲವೆಂದು ನಾನು ಮಕ್ಕಳನ್ನು ಕರೆದುಕೊಂಡು ಗದಗಿಗೆ ಹೋಗಿದ್ದೆ. ಆಗ ಮೌಶಿ ತೀರಿಕೊಂಡಳು. ಬೆಳಿಗ್ಗೆ ಗಂಟೆ ಬಾರಿಸಲಿಲ್ಲವೆಂದು ಯಾರೋ ಹೋಗಿ ನೋಡಿದರಂತೆ. ನಾನು ಹಿಂತಿರುಗಿದ ಮೇಲೆ ಟೀಚರು ಎಲ್ಲ ಹೇಳಿದರು. ಮಣ್ಣಿಗೆ ಬಹಳ ಮಂದಿ ಬಂದಿದ್ದರು. ಕಣ್ಣಿನ ಡಾಕ್ಟರು, ಪಾರ್ಸಿ ಬಾಯಿ, ಧರ್ಮಶಾಲೆಯ ವ್ಯವಸ್ಥಾಪಕರು, ವಸ್ತಿಯ ಹೆಂಗಸರು. ಅವರಲ್ಲಿ ಒಬ್ಬರಿಗೊಬ್ಬರ ಪರಿಚಯವಿರಲಿಲ್ಲವಂತೆ. ಎಲ್ಲರೂ ಅವಳನ್ನು ಬಲ್ಲವರು, ಪರಸ್ಪರ ಗೊತ್ತಿಲ್ಲದವರು. ಬೇವಿನ ಮರದ ಕೆಳಗೆ ಬೇರೆ ಬೇರೆಯಾಗಿ ನಿಂತಿದ್ದು ಬೇರೆ ಬೇರೆಯಾಗಿಯೇ ಹೋದರಂತೆ.

ಆಮೇಲೆ ಕಟ್ಟೆ ಬರಿದಾಯಿತು. ಯಾರೂ ಅದನ್ನು ಮುಚ್ಚಲಿಲ್ಲ. ಬಂದವರಿಗೆ ಎಲ್ಲಿ ಹೋಗಬೇಕೆಂದು ಹೇಳುವವರು ಇರಲಿಲ್ಲ, ಅಷ್ಟೇ. ಡಾಕ್ಟರು ಇದ್ದರು, ಧರ್ಮಶಾಲೆ ಇತ್ತು, ಹೊಲಿಗೆ ಕೋಣೆಯೂ ಇತ್ತು. ಬೇಕಾದವರೂ ಅದೇ ಓಣಿಗಳಲ್ಲಿ ಇದ್ದರು. ನಾನು ಕೆಲವು ದಿನ ಹೋಗಿ ಕೂತೆ, ಕೈಲಾದಷ್ಟು ಮಾಡಿದೆ. ನನಗೆ ಗೊತ್ತಿದ್ದದ್ದು ಮೂರು ಬಾಗಿಲು. ಅವಳಿಗೆ ಊರೇ ಗೊತ್ತಿತ್ತು. ಮಕ್ಕಳು, ಮನೆ, ನಮ್ಮವರ ಕಾಯಿಲೆ ಎಂದು ಹೋಗುವುದು ನಿಂತಿತು.

ನಿನ್ನೆ ಮೊಮ್ಮಗನನ್ನು ಕಾಡಿ ಬೇಡಿ, ಅವನ ಕಾರಿನಲ್ಲಿ ಕ್ರಿಶ್ಚಿಯನ್ನರ ಸ್ಮಶಾನಕ್ಕೆ ಹೋಗಿ ಬಂದೆ. ಇಷ್ಟು ವರ್ಷ ಇದೇ ಊರಿನಲ್ಲಿದ್ದೂ ಹೋಗಿರಲಿಲ್ಲ. ಅಲ್ಲಿನ ಕಾವಲುಗಾರ ಒಳ್ಳೆಯ ಹುಡುಗ. ನನ್ನನ್ನು ನೆರಳಿನಲ್ಲಿ ಕೂರಿಸಿ, ಯಾರ ಸಮಾಧಿ ನೋಡಬೇಕು, ಹೆಸರು ಹೇಳಿ ಅಜ್ಜಿ, ಹುಡುಕಿ ಕೊಡುತ್ತೇನೆ ಎಂದ.

ನಾನು ಬಾಯಿ ತೆರೆದೆ. ನನಗೆ ಅವಳ ಹೆಸರು ಗೊತ್ತಿರಲಿಲ್ಲ.

"ಮೌಶಿ ಅಂತಿದ್ವಪ್ಪ," ಎಂದೆ, ಮರಾಠಿಯಲ್ಲಿ.

ಅವನು ನಗಲಿಲ್ಲ. ಸುತ್ತಲೂ ಸಾಲು ಸಾಲಾಗಿದ್ದ ಕಲ್ಲುಗಳ ಕಡೆ ಒಮ್ಮೆ ನೋಡಿ, ಇಲ್ಲಿ ಮಲಗಿದವರೆಲ್ಲ ಯಾರಿಗಾದರೂ ಮೌಶಿಯೋ ಕಾಕಾನೋ ಆಗಿದ್ದವರೇ ಅಜ್ಜಿ ಎಂದ. ಹೂವು ತಂದಿದ್ದೆ. ಎಲ್ಲಿ ಇಡುವುದು ಎಂದು ತಿಳಿಯಲಿಲ್ಲ. ಬಾಗಿಲ ಹತ್ತಿರ ಹೆಸರು ಅಳಿಸಿಹೋದ ಒಂದು ಹಳೆಯ ಕಲ್ಲಿತ್ತು. ಅವಳದಲ್ಲ ಎಂದು ಗೊತ್ತಿದ್ದೂ ಅದರ ಮೇಲೆ ಇಟ್ಟು, ಮೊಮ್ಮಗನ ಕೈ ಹಿಡಿದುಕೊಂಡು ಬಂದೆ.